ಬೋರ್ಡಿನಲ್ಲಿ ಇಲ್ಲದ ಮುಖ

ನಮ್ಮ ಬೀದಿಯ ದರ್ಜಿ ಹೆಂಗಸಿಗೆ ಗುಂಡಿಯಕ್ಕ ಎಂದು ಹೆಸರಿಟ್ಟವನು ನಾನೇ. ಪಕ್ಕದ ಗಡಿಯಾರ ರಿಪೇರಿ ಅಂಗಡಿ ನನ್ನದು. ಹೊಲಿಯುವಾಗ ಅವಳ ತುಟಿಗಳ ನಡುವೆ ಸದಾ ಒಂದೆರಡು ಗುಂಡಿ ಇರುತ್ತಿದ್ದವು. ಅದಕ್ಕೇ ಮಾತು ಕಮ್ಮಿ ಎಂದು ರೇಗಿಸುತ್ತಿದ್ದೆ. ಬಾಯಲ್ಲಿ ಗುಂಡಿ ಇಲ್ಲದಾಗಲೂ ಅವಳು ಮಾತಾಡುತ್ತಿರಲಿಲ್ಲ.

ಗಂಡ ಅವಳನ್ನು ಬಿಟ್ಟಿದ್ದ. ಏಳು ತುಂಬಿದ ಮಗಳು ತಂದೆಯ ಪಾಲು ಎಂದು ಧರ್ಮದ ಕಾನೂನು ಓದಿಕೊಂಡ ಹಿರಿಯರು ತೀರ್ಪು ಕೊಟ್ಟರು. ಹೆತ್ತವಳನ್ನು ಒಂದು ಮಾತು ಕೇಳಲಿಲ್ಲ. ಅವರ ತೀರ್ಪಿಗಿಷ್ಟು ಬೆಂಕಿ ಹಾಕ! ಮಗುವನ್ನು ಕರೆದೊಯ್ದವನು ಊರಿನ ಇನ್ನೊಂದು ತುದಿಗೆ ಮನೆ ಬದಲಿಸಿದ, ವಿಳಾಸ ಕೊಡಲಿಲ್ಲ. ಅದಾಗಿ ಹನ್ನೆರಡು ವರ್ಷ. ಅಂಗಡಿಯ ಹಿಂದಿನ ಕೋಣೆಯಲ್ಲಿ ಅವಳದು ಒಂದೇ ತಟ್ಟೆ, ಒಂದೇ ಲೋಟ.

ಇಂಥ ಕಾನೂನಿನ ಬಗ್ಗೆ ಜನರ ಕಣ್ಣು ತೆರೆಸುವ ಜಾಹೀರಾತು ಮಾಡುವವರು ಅವಳನ್ನು ಹುಡುಕಿಕೊಂಡು ಬಂದರು. ನಿಮ್ಮ ಫೋಟೊ ತೆಗೆದು ಊರಿಡೀ ಬೋರ್ಡು ಹಾಕುತ್ತೇವೆ ಎಂದರು. ಅವಳು ಹಿಂದೆಮುಂದೆ ನೋಡದೆ ಒಪ್ಪಿಬಿಟ್ಟಳು.

"ಮಗಳು ಎಲ್ಲಾದ್ರೂ ಬಸ್ಸಿಗೆ ಕಾಯ್ತಿರ್ತಾಳಲ್ವಾ ಅಣ್ಣಾ? ನನ್ನ ಮುಖ ನೋಡಿದ್ರೆ ಗುರುತು ಹಿಡೀತಾಳೆ," ಎಂದಳು.

ಬಸ್ ಸ್ಟಾಪಿನ ಹಿಂದೆ ಎರಡಾಳುದ್ದದ ಬೋರ್ಡು ಬಂತು. 'ಹೆತ್ತವಳಿಗೆ ಹಕ್ಕಿಲ್ಲವೇ?' ಎಂಬ ದಪ್ಪಕ್ಷರ. ಕೆಳಗೆ ಅವಳ ಬೆನ್ನು.

ಫೋನ್ ಮಾಡಿ ಕೇಳಿದರೆ ಜಾಹೀರಾತಿನ ಹುಡುಗಿ ಅಕ್ಕರೆಯಿಂದಲೇ ಹೇಳಿದಳು: "ಮುಖ ತೋರಿಸಿದ್ರೆ ನಿಮಗೇ ತೊಂದರೆ ಅಮ್ಮಾ. ನಾವು ಯಾರ ಮುಖಾನೂ ಹಾಕಲ್ಲ." ಮುಂದಿನಿಂದ ತೆಗೆದ ಫೋಟೊಗಳನ್ನೆಲ್ಲ ಅಳಿಸಿಯೂ ಆಗಿತ್ತು. ಗುಂಡಿಯಕ್ಕ ಬಾಗಿಲು ಹಾಕಿಕೊಂಡು ಅತ್ತದ್ದು ಗೋಡೆಯಾಚೆ ನನಗೆ ಕೇಳಿಸಿತು.

ಆಮೇಲೆ ದಿನಾ ಸಂಜೆ ಅಂಗಡಿ ಮುಚ್ಚಿ, ಬೋರ್ಡಿನ ಕೆಳಗೆ ರಸ್ತೆಗೆ ಮುಖ ಮಾಡಿ ನಿಲ್ಲತೊಡಗಿದಳು. ಯಾವ ಬಸ್ಸು ಬಂದರೂ ಹತ್ತುತ್ತಿರಲಿಲ್ಲ. ಜನ ಮೇಲೆ ನೋಡಿ ಅಯ್ಯೋ ಪಾಪ ಎನ್ನುತ್ತಿದ್ದರು. ಕೆಳಗೆ ನಿಂತವಳ ಕಡೆ ತಿರುಗುತ್ತಿರಲಿಲ್ಲ.

ನಿನ್ನೆ ಅವಳಿಗೆ ಟೀ ಕೊಡಲು ಹೋಗಿದ್ದೆ. ಕಾಲೇಜಿನ ಹುಡುಗಿಯೊಬ್ಬಳು ಬೋರ್ಡಿನತ್ತ ಮೊಬೈಲು ಹಿಡಿದಿದ್ದಳು. ಗುಂಡಿಯಕ್ಕ ಆ ಹುಡುಗಿಯ ಮುಖವನ್ನು ಎವೆಯಿಕ್ಕದೆ ನೋಡಿದಳು. ಅವಳ ಮಗಳಲ್ಲ.

"ಆಂಟಿ, ಸ್ವಲ್ಪ ಆಚೆ ನಿಲ್ತೀರಾ? ಬೋರ್ಡಿಗೆ ಅಡ್ಡ ಬರ್ತಿದೀರ. ಇದನ್ನ ಎಲ್ಲರಿಗೂ ಕಳಿಸ್ಬೇಕು."

"ಎಲ್ಲರಿಗೂನಾ?"

"ಹೂಂ, ನನಗೆ ಗೊತ್ತಿರೋರಿಗೆಲ್ಲ."

ಗುಂಡಿಯಕ್ಕ ಹಣೆಯ ಮೇಲಿನ ಕೂದಲು ಸರಿಸಿಕೊಂಡು ನೆಟ್ಟಗೆ ನಿಂತಳು.

"ಹಾಗಾದ್ರೆ ನಾನು ಆಚೆ ಹೋಗಲ್ಲ ಮಗಾ. ತೆಗಿ. ಮುಖ ಸರಿಯಾಗಿ ಬರ್ಲಿ."