ಟವೆಲ್ ಕೆಳಗಿಲ್ಲದ ಕೈ

ಕಳೆದ ವರ್ಷ ಮಾವಿನ ಸುಗ್ಗಿ ಮುಗಿದು ಶ್ರೀನಿವಾಸಪುರದ ಮಂಡಿಗಳೆಲ್ಲ ಖಾಲಿಯಾಗಿದ್ದ ಸಮಯ. ಒಂದು ಬೆಳಿಗ್ಗೆ ಮಗ ಫೋನ್ ಹಿಡಿದುಕೊಂಡು ಓಡಿ ಬಂದ.

“ಅಮ್ಮಾ, ಕೋಲಾರದಲ್ಲಿ ನಿನ್ನ ಫೋಟೊ ಗೋಡೆಗೆ ಹಾಕವ್ರಂತೆ. ಇಷ್ಟಗಲ ಬಾಯಿ ಬಿಟ್ಕೊಂಡಿದ್ದೀಯಂತೆ. ನಾರೆಪ್ಪಣ್ಣ ಎಲ್ಲರಿಗೂ ಹೇಳ್ಕೊಂಡು ನಗ್ತಾವ್ರೆ. ಮೊದ್ಲು ತೆಗೆಸ್ಬಿಡು.”

ನಾರೆಪ್ಪ ನಮ್ಮ ಪಕ್ಕದ ಮಂಡಿಯವನು. ಬಸ್ ಸ್ಟ್ಯಾಂಡಿನಲ್ಲಿ ಬುಟ್ಟಿ ಇಟ್ಟು ಹಣ್ಣು ಮಾರುತ್ತಿದ್ದ ನಾನು ಸ್ವಂತ ಮಂಡಿ ಮಾಡಿಕೊಂಡಾಗಿನಿಂದ ನನಗೆ ‘ಗಲಾಟೆ ಅಕ್ಕ’ ಎಂದು ಹೆಸರಿಟ್ಟವನೂ ಅವನೇ. ಅದಕ್ಕೆ ಕಾರಣವಿದೆ. ನಮ್ಮಲ್ಲಿ ಹಳೇ ವ್ಯಾಪಾರಿಗಳು ರೇಟನ್ನು ಬಾಯಲ್ಲಿ ಹೇಳುವುದಿಲ್ಲ. ಟವೆಲ್ ಕೆಳಗೆ ಒಬ್ಬರ ಬೆರಳನ್ನು ಒಬ್ಬರು ಒತ್ತಿ ಮುಗಿಸುತ್ತಾರೆ. ಸುತ್ತ ನಿಂತವರಿಗಿರಲಿ, ಕಾಯಿ ತಂದ ರೈತನಿಗೂ ಏನೂ ತಿಳಿಯುವುದಿಲ್ಲ. ಹೆಂಗಸಾದ ನನ್ನ ಕೈ ಹಿಡಿಯಲು ಅವರಿಗೆ ಸಂಕೋಚ, ನನಗೂ ಬೇಡ. ಹಾಗಾಗಿ ನನ್ನ ರೇಟು ಯಾವಾಗಲೂ ಗಂಟಲಿನಲ್ಲೇ. ಆ ಗಂಟಲಿನಿಂದ ಸಂಪಾದಿಸಿದ ಹೆಸರು ನಗೆಪಾಟಲಾದರೆ ಮುಂದಿನ ಸುಗ್ಗಿಗೆ ಯಾರು ನನ್ನ ಮಂಡಿಗೆ ಕಾಯಿ ತರುತ್ತಾರೆ?

ಫೋಟೊ ತೆಗೆದವಳು ಮಾಲೂರಿನ ಸುಮಾ. ಕೋಲಾರದ ಹಾಲ್ ಒಂದರಲ್ಲಿ ಅವಳ ಫೋಟೊಗಳ ಪ್ರದರ್ಶನ ನಡೆದಿತ್ತು. ಸುಗ್ಗಿಯುದ್ದಕ್ಕೂ ಕ್ಯಾಮೆರಾ ಹಿಡಿದು ಮಂಡಿಗೆ ಬರುತ್ತಿದ್ದಳು. ಅವಳಿಗಾಗಿ ನಾನೊಂದು ದಿನ ರೇಷ್ಮೆ ಸೀರೆ ಉಟ್ಟು, ಬಾದಾಮಿ ಮಾವಿನ ಕ್ರೇಟುಗಳ ಮುಂದೆ ನೆಟ್ಟಗೆ ನಿಂತಿದ್ದೆ. ಹಾಕಿದರೆ ಅದನ್ನೇ ಹಾಕುತ್ತಾಳೆ ಎಂದುಕೊಂಡಿದ್ದೆ.

ಸಿಟ್ಟಿನಲ್ಲೇ ಕೋಲಾರದ ಬಸ್ ಹತ್ತಿದೆ. ಹಾಲ್‌ನಲ್ಲಿ ನೋಡಿದರೆ ಮಗ ಹೇಳಿದ್ದು ನಿಜ. ನಾಲಿಗೆಯೂ ಕಾಣುವಷ್ಟು ಬಾಯಿ ಬಿಟ್ಟಿದ್ದೇನೆ!

“ಏನಮ್ಮಾ ಸುಮಾ, ರೇಷ್ಮೆ ಸೀರೇದು ಎಲ್ಲಿ? ಇದನ್ನ ಇಳಿಸು.”

“ನೀವು ಬೇಡ ಅಂದ್ರೆ ಇಳಿಸ್ತೀನಿ ಅಕ್ಕಾ. ಒಂದ್ ಮಾತು. ಲೋಡ್ ಬಂದಾಗ ಮೇಲಿನ ಕಾಯಿ ಮಾತ್ರ ನೋಡಿ ರೇಟ್ ಹೇಳ್ತೀರಾ?”

“ನಾನೇನು ಪೆದ್ದೀನಾ? ಅಡೀಲಿರೋ ಕ್ರೇಟೂ ಸುರಿಸಿ ನೋಡ್ತೀನಿ.”

“ಹಂಗೇ ಇದನ್ನೂ ನೋಡಿ. ಆಮೇಲೆ ಹೇಳಿ.”

ಮಾತಿನಲ್ಲಿ ನನ್ನನ್ನೇ ಕಟ್ಟಿಹಾಕಿದಳು. ಸರಿ, ಮೊದಲು ಬೇರೆ ಫೋಟೊಗಳನ್ನು ನೋಡಿಕೊಂಡು ಬಂದೆ. ಮುಳಬಾಗಿಲಿನ ಬಂಡೆಗುಡ್ಡ, ಅದರ ಬುಡದಲ್ಲಿ ಬೆಂಕಿಪೊಟ್ಟಣದಷ್ಟು ಲಾರಿ. ವೇಮಗಲ್ ಕಡೆಯ ರಾಗಿ ಹೊಲ, ಅಂಚಿನಲ್ಲೇ ಫ್ಯಾಕ್ಟರಿ ಗೋಡೆ. ಗೋಡೆಯ ನೆರಳು ಬಿದ್ದಷ್ಟು ಅಗಲಕ್ಕೆ ಪೈರು ಗಿಡ್ಡ. ಬಸ್ಸಿನ ಕಿಟಕಿಯಿಂದ ಎಷ್ಟೋ ಸಲ ಕಂಡ ಜಾಗ. ಆ ಗಿಡ್ಡ ಪೈರು ಮಾತ್ರ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಈ ಹುಡುಗಿಗೆ ಮಾಲು ಗೊತ್ತು ಎಂದು ಅಲ್ಲಿಯೇ ಒಪ್ಪಿಕೊಂಡೆ.

ಮತ್ತೆ ನನ್ನ ಫೋಟೊ ಮುಂದೆ ನಿಂತೆ. ಈ ಸಲ ಬಾಯಿಯೊಂದನ್ನು ಬಿಟ್ಟು ಉಳಿದದ್ದನ್ನು ನೋಡಿದೆ. ಸುತ್ತಲೂ ಗಂಡಸರು, ಎಲ್ಲರ ಕೈ ಟವೆಲ್ ಕೆಳಗೆ. ನಡುವೆ ಸೆರಗು ಸಿಕ್ಕಿಸಿಕೊಂಡ ನಾನು. ತಗಡಿನ ಸಂದಿಯಿಂದ ಇಳಿದ ಬಿಸಿಲಿನಲ್ಲಿ ನನ್ನ ಐದು ಬೆರಳೂ ಬಿಚ್ಚಿಕೊಂಡಿವೆ. ಮೂಲೆಯಲ್ಲಿ ಕಾಯಿ ತಂದ ರೈತನೊಬ್ಬ ಕೂತಿದ್ದಾನೆ. ಅಷ್ಟು ಜನರ ಮಧ್ಯೆ ಅವನು ನೋಡುತ್ತಿರುವುದು ನನ್ನ ಕೈಯನ್ನು.

ಅಷ್ಟರಲ್ಲಿ ಹಿಂದಿನಿಂದ ನಾರೆಪ್ಪನ ದನಿ. ತಮಾಷೆ ನೋಡಲು ನಾಲ್ಕು ಜನ ವ್ಯಾಪಾರಿಗಳನ್ನು ಕಟ್ಟಿಕೊಂಡು ಬಂದಿದ್ದ.

“ಏಮಕ್ಕಾ, ಜಗಳ ಆಡೋದನ್ನೂ ಫೋಟೊ ಹೊಡೆಸ್ಕೊಂಡಿದ್ದೀಯಾ?”

“ನೀನೂ ಇದ್ರಲ್ಲಿ ಇದ್ದೀಯ ನಾರೆಪ್ಪಾ. ನನ್ನ ಕೈ ಕಾಣ್ತೈತೆ. ನಿನ್ನ ಕೈ ಎಲ್ಲೈತೆ, ತೋರ್ಸು ನೋಡೋಣ!”

ಮೊದಲು ನಕ್ಕವರು ಅವನ ಜೊತೆಗೆ ಬಂದವರೇ. ಆಮೇಲೆ ಇಡೀ ಹಾಲ್ ನಕ್ಕಿತು. ಪಕ್ಕದಲ್ಲಿದ್ದ ಯಲ್ದೂರಿನ ಹೆಂಗಸೊಬ್ಬಳು ನನ್ನ ತೋಳು ಹಿಡಿದು, “ನಿಮ್ಮ ಮಂಡಿ ಎಲ್ಲೈತಕ್ಕಾ? ಬರೋ ಸುಗ್ಗಿಗೆ ನಮ್ಮ ತೋಟದ ಕಾಯಿ ನಿಮಗೇ ಹಾಕ್ತೀನಿ. ರೇಟು ಕಿವೀಲಿ ಕೇಳ್ಬೋದಲ್ಲಾ” ಎಂದಳು.

“ಸುಮಾ, ಇಳಿಸ್ಬೇಡ ಕಣಮ್ಮಾ. ಬಾಗಿಲ ಎದುರಿಗೆ ಹಾಕು” ಎಂದೆ.

ನಿಮ್ಮ ಊರಿಗೂ ಇಂಥ ಪ್ರದರ್ಶನ ಬಂದರೆ ಹೋಗಿ. ಗುರುತಿನ ಮುಖ ಹುಡುಕಿ, ಸೆಲ್ಫಿ ತೆಗೆದುಕೊಂಡು ವಾಪಸ್ ಬರಬೇಡಿ. ಒಂದೊಂದರ ಮುಂದೂ ನಿಂತು ಮೂಲೆ ಮೂಲೆ ನೋಡಿ. ಅಷ್ಟು ಹೊತ್ತು ಕಾದು ತೆಗೆದವರಿಗೆ ಅಷ್ಟಾದರೂ ಸಲ್ಲಬೇಕು.

ಯಲ್ದೂರಿನಾಕೆ ಈ ಸುಗ್ಗಿಗೆ ಹೇಳಿದಂತೆಯೇ ಬಂದಳು, ಅಕ್ಕಪಕ್ಕದ ತೋಟದವರನ್ನೂ ಕರೆತಂದಳು. ಆ ಫೋಟೊ ಈಗ ನನ್ನ ಮಂಡಿಯಲ್ಲಿ ತಕ್ಕಡಿಯ ಎದುರಿಗಿದೆ. ಅದರ ಮುಂದೆ ನಿಂತ ಮೇಲೆ ಯಾವ ವ್ಯಾಪಾರಿಯೂ ಹೆಗಲ ಮೇಲಿನ ಟವೆಲ್ ಕೆಳಗಿಳಿಸುವುದಿಲ್ಲ. ನಾರೆಪ್ಪನೂ ಅಷ್ಟೇ, ಗಂಟಲು ಸರಿಮಾಡಿಕೊಂಡು ರೇಟನ್ನು ಬಾಯಲ್ಲೇ ಹೇಳುತ್ತಾನೆ.