ಅಂಡಮಾನಿಗೆ ಮಾಡಿದ ಟ್ರಂಕ್ ಕಾಲ್

ಪ್ರಾಣೇಶ, ಅಂದು ಫೋನಿನಲ್ಲಿ ನೀನು ನನ್ನನ್ನು ಅಣಕಿಸಲಿಲ್ಲ. ಅಣಕಿಸಿದೆ ಎಂದು ಅವ್ವನಿಗೂ ಬಂಧುಗಳಿಗೂ ಹೇಳಿದವನು ನಾನು. ಅದು ನಿಜವಲ್ಲವೆಂದು ತಿಳಿದ ಮೇಲೂ ತಿದ್ದದೆ ಉಳಿದವನೂ ನಾನೇ.

ನಿನ್ನ ಮೇಲೆ ನನಗೆ ಸಿಟ್ಟಿತ್ತು — ಅದು ನಿಷ್ಕಾರಣವಾಗಿತ್ತೆಂದು ಇಂದಿಗೂ ಒಪ್ಪಲಾರೆ. ನೌಕರಿಗೆಂದು ಪೋರ್ಟ್ ಬ್ಲೇರಿಗೆ ಹೋದ ತಮ್ಮ ಅಲ್ಲಿಯೇ ಮದುವೆಯಾದ ಸುದ್ದಿಯನ್ನು ಹಿರಿಯಣ್ಣನಾದ ನಾನು ಆಲೂರಿನ ಬೀಗರ ಬಾಯಿಂದ ಕೇಳಬೇಕಾಯಿತು. ಚಿಕ್ಕಂದಿನಲ್ಲಿ ಬಂದವರೆದುರು ನೀನು ನನ್ನ ಮಾತಿನ ಧಾಟಿಯನ್ನು ಆಡಿ ತೋರಿಸಿ ನಗಿಸುತ್ತಿದ್ದುದನ್ನೂ ನಾನು ಮರೆತಿರಲಿಲ್ಲ. ಆದರೆ ಊಟದ ಹೊತ್ತಿಗೆ ಅವ್ವ ನಿನ್ನ ಹೆಸರೆತ್ತದ ದಿನವಿರಲಿಲ್ಲ. ಕಡೆಗೆ ನಾನೇ ಸೋತು ಆದೋನಿಯ ಅಂಚೆ ಕಚೇರಿಯಿಂದ ನಿನಗೆ ಟ್ರಂಕ್ ಕಾಲ್ ಮಾಡಿದೆ.

“ಅವ್ವಗ ನಿನ್ನ ನೋಡಬೇಕಾಗ್ಯದ. ಹೆಂಡ್ತೀನೂ ಕರಕೊಂಡು ಬಾ.”

ತುಸು ತಡೆದು ಅದೇ ಮಾತು, ಅದೇ ಧಾಟಿಯಲ್ಲಿ, ಸಣ್ಣ ದನಿಯಾಗಿ ನನ್ನ ಕಿವಿಗೇ ಬಂತು. ಮೈಯೆಲ್ಲ ಉರಿಯಿತು. “ಇನ್ನ ನನ್ನ ಮನಿ ಹೊಸ್ತಿಲ ತುಳೀಬ್ಯಾಡ” ಎಂದೆ. ಫೋನು ಇಡುವಾಗ ನಿಜವಾದ ನಿನ್ನ ದನಿ ಕೇಳಿಸಿತು — “ಅಣ್ಣಾ, ಬರ್ತೀ—”

ಆ ಅರ್ಧ ಮಾತನ್ನು ನಾನು ಅವ್ವನಿಗೆ ಹೇಳಲಿಲ್ಲ.

ಕೆಲವು ತಿಂಗಳ ಮೇಲೆ ಅದೇ ಅಂಚೆ ಕಚೇರಿಯಲ್ಲಿ ಹತ್ತಿ ವ್ಯಾಪಾರಿ ಬಸಪ್ಪನವರು ಲೇಹ್‌ನಲ್ಲಿದ್ದ ಮಿಲಿಟರಿ ಅಳಿಯನೊಡನೆ ಕೂಗಿ ಮಾತಾಡುತ್ತಿದ್ದರು. ನಡುವೆ ಫೋನನ್ನು ಕಿವಿಯಿಂದ ದೂರ ಹಿಡಿದು ನಕ್ಕರು. “ನಾ ಅಂದದ್ದು ನನಗ ಅಂತೈತಲ್ಲೋ ಇದು. ಮನ್ಯಾಗ ಆಕಿ, ಇಲ್ಲಿ ಇದು — ನನಗ ತಿರುಗಿ ಮಾತಾಡಾರ ಎಲ್ಲಾ ಕಡೆ ಅದಾರ.”

“ಉಪಗ್ರಹದ ಲೈನ್ ರೀ” ಎಂದ ಗುಮಾಸ್ತ. “ಮ್ಯಾಲ ಹೋಗಿ ಇಳೀತೈತಿ. ಆ ಕಡೆ ನೆಲದ ತಂತಿಗೆ ಕೂಡೋ ಜಾಗದಾಗ ನಿಮ್ಮ ದನಿ ಒಂದಿಷ್ಟು ಹಿಂದಕ್ಕ ಬರ್ತೈತಿ. ಅಂಡಮಾನ್ ಲೈನೂ ಹಂಗೇ.”

ಬಸಪ್ಪನವರು ನನ್ನತ್ತ ತಿರುಗಿದರು. “ಆಚಾರ್ರೇ, ತಮ್ಮನ ಜೋಡಿ ಮಾತಾಡಿದಾಗ ನಿಮಗೂ ಹಿಂಗ ಆಗಿತ್ತೇನ್ರಿ?”

“ಇಲ್ಲ” ಎಂದೆ.

ಅವ್ವ ಆಗಿನ್ನೂ ಬದುಕಿದ್ದಳು. ಮನೆಗೆ ಹೋಗಿ ಒಂದೇ ಒಂದು ಮಾತು ಆಡಿದ್ದರೆ — ಆಡಲಿಲ್ಲ. ನೀನು ತಪ್ಪಿತಸ್ಥನಾಗಿಯೇ ಇರುವುದು ನನಗೆ ಬೇಕಾಗಿತ್ತು. ನಾಗಲದಿನ್ನೆಯ ಹೊಳೆಯಲ್ಲಿ ಅವಳ ಅಸ್ಥಿ ಬಿಡುವಾಗ ನೀನು ಬಂದೆ, ಅಲ್ಲಿಂದಲೇ ಹಿಂದಿರುಗಿದೆ. ಒದ್ದೆ ಪಂಚೆಯಲ್ಲಿ ನನ್ನ ಪಕ್ಕದಲ್ಲೇ ನಿಂತಿದ್ದೆ — ಕೈ ಚಾಚಿದ್ದರೆ ನಿನ್ನ ಭುಜ ಸಿಗುತ್ತಿತ್ತು. ಈಗ ಎಷ್ಟೋ ಸಲ, ಸುಮ್ಮನೆ ಕೂತಾಗ, ನಿನ್ನ ದನಿಯನ್ನು ನೆನೆಯಲು ಯತ್ನಿಸುತ್ತೇನೆ. ಚಿಕ್ಕಂದಿನ ನಗುವಷ್ಟೇ ಸಿಗುತ್ತದೆ, ಮಾತು ಸಿಗುವುದಿಲ್ಲ.

ನಿನ್ನೆ ಮಗಳಿಗೆ ಇದೆಲ್ಲವನ್ನೂ ಹೇಳಿದೆ. “ಅಜ್ಜಿ ಇದ್ದಾಗ ಯಾಕ ಹೇಳಲಿಲ್ಲಪ್ಪಾ?” ಎಂದು ಕೇಳಿದಳು.

ಮದ್ರಾಸಿನಿಂದ ಹಡಗು ಹಿಡಿದು ನಾನೇ ಬರುತ್ತಿದ್ದೇನೆ. ಮಾತಾಡಿಸುವುದು, ಬಿಡುವುದು ನಿಮ್ಮಿಬ್ಬರಿಗೆ ಸೇರಿದ್ದು. ನಿನ್ನ ಹೆಂಡತಿಯ ಹೆಸರೇನೆಂದು ನಾನು ಇಂದಿನವರೆಗೂ ಯಾರನ್ನೂ ಕೇಳಿಲ್ಲ.