ವೈನಿಯ ಭಟ್ಟಿಗೆ ಬಂದ ಹೀಟರ್

ಹೋದ ಬೇಸಿಗೆಯಲ್ಲಿ ಇಂಡಿ ಊರಿನ ನಮ್ಮ ಮನೆಯ ಮುಂದಿನ ರಸ್ತೆಗೆ ಡಾಂಬರು ಹಾಕುತ್ತಿದ್ದರು. ಬೆಳಿಗ್ಗೆ ಹಾಲು ತರಲು ಹೊರಟವನು ಡಾಂಬರು ಕಾಯಿಸುವ ಗಾಡಿಯ ಪಕ್ಕದಲ್ಲೇ ನಿಂತುಬಿಟ್ಟೆ. ಅದರ ಹೊಟ್ಟೆಯೊಳಗೆ ಎಣ್ಣೆಯ ಬೆಂಕಿ ಬುಸುಗುಡುತ್ತಿತ್ತು. ಲಾರಿ ಎಂಜಿನ್ನಿನಿಂದ ಬಸಿದ ಕರಿ ಆಯಿಲ್ ಮತ್ತೆ ಕಾದಾಗ ಬರುವ ವಾಸನೆ ಅದು. ಮೂಗಿಗಿಂತ ಮೊದಲು ಗಂಟಲಿಗೆ ತಟ್ಟುತ್ತದೆ. ಸರಿದು ನಿಲ್ಲಿ ಎಂದು ಕೆಲಸದವನು ಗದರಿದ ಮೇಲೆ ಎಚ್ಚರಾಯಿತು. ಬಸವನ ಬಾಗೇವಾಡಿಯ ಆ ಓಣಿ, ಚುರಮುರಿ ಭಟ್ಟಿ, ಭಟ್ಟಿಯ ಮುಂದೆ ಸೆರಗು ಬಿಗಿದು ನಿಂತ ವೈನಿ... ಎಷ್ಟೋ ವರ್ಷ ನೆನಪಾಗಿರಲಿಲ್ಲ.

ತೊಂಬತ್ತರ ದಶಕದ ಮೊದಲಿನ ಮಾತು. ನಾನು ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್. ಮದುವೆಯಾದ ಹೊಸದರಲ್ಲಿ ಬಾಗೇವಾಡಿಗೆ ಹಾಕಿದ್ದರು. ಸಿಂದಗಿಯಿಂದ ಬಾಗೇವಾಡಿ ಮೇಲೆ ಮುದ್ದೇಬಿಹಾಳಕ್ಕೆ ಹೋಗಿ ಬರುವ ಬಸ್ಸು ನನ್ನದು. ನಾವು ಬಾಡಿಗೆ ಹಿಡಿದ ಮನೆಯ ಹಿಂದಿನ ಗೋಡೆಗೆ ಹತ್ತಿಕೊಂಡೇ ಆ ಭಟ್ಟಿ ಇತ್ತು. ಮಣ್ಣಿನ ದೊಡ್ಡ ಒಲೆ, ಅದರ ಮೇಲೆ ಮರಳು ತುಂಬಿದ ಕಬ್ಬಿಣದ ಕಡಾಯಿ. ಮರಳು ಚೆನ್ನಾಗಿ ಕಾದಾಗ ಉಪ್ಪುನೀರಿನಲ್ಲಿ ಹದ ಮಾಡಿದ ಅಕ್ಕಿ ಸುರಿದರೆ ಕಣ್ಣೆದುರೇ ಅರಳಿ ಚುರಮುರಿಯಾಗುತ್ತದೆ. ಅದನ್ನು ಕೂಡಲೇ ಜರಡಿಗೆ ಎತ್ತಬೇಕು. ಉರಿ ಇಳಿದರೆ ಅಕ್ಕಿ ಅರಳುವುದಿಲ್ಲ, ಏರಿದರೆ ಸೀದು ಹೋಗುತ್ತದೆ. ಉರಿಸಲು ಸಿಗುತ್ತಿದ್ದದ್ದು ತೊಗರಿ ಕಟ್ಟಿಗೆ, ಶೇಂಗಾ ಸಿಪ್ಪೆ. ಭರ್ರನೆ ಹತ್ತಿ ಅಷ್ಟೇ ಬೇಗ ಆರುವ ಉರುವಲು. ಹೀಗಾಗಿ ವೈನಿಯ ಒಂದು ಕೈ ಕಡಾಯಿಯ ಮೇಲಿದ್ದರೆ ಇನ್ನೊಂದು ಕೈ ಯಾವಾಗಲೂ ಒಲೆಯ ಬಾಯಿಯಲ್ಲಿ. ಬಗ್ಗುವುದು, ತುರುಕುವುದು, ಏಳುವುದು, ಕಣ್ಣೊರೆಸಿಕೊಳ್ಳುವುದು.

ಭಟ್ಟಿ ಮೊದಲು ಅವರ ಯಜಮಾನರದಾಗಿತ್ತು. ನಾವು ಆ ಓಣಿಗೆ ಹೋಗುವ ಹೊತ್ತಿಗೆ ಹೊಗೆ ಕುಡಿದು ಕುಡಿದು ಅವರ ಎದೆ ಕೆಟ್ಟುಹೋಗಿತ್ತು. ಹೊರಗಿನ ಕಟ್ಟೆಯ ಮೇಲೆ ಕೂತು ಉಸಿರಿಗಾಗಿ ಒದ್ದಾಡುತ್ತಿದ್ದರು. ಅವರು ಬಿಟ್ಟ ಜರಡಿಯನ್ನು ವೈನಿ ಹಿಡಿದಿದ್ದರು. ವೈನಿ, ಅಂದರೆ ಅತ್ತಿಗೆ, ಎಂದು ಅವರನ್ನು ಕರೆಯುತ್ತಿದ್ದವನು ಅವರ ಮೈದುನ. ಅವನ ಬಾಯಿಂದ ಕೇಳಿ ಕೇಳಿ ಇಡೀ ಓಣಿಗೇ ಅವರು ವೈನಿಯಾಗಿದ್ದರು. ಮಾತು ಬಹಳ ಕಡಿಮೆ. ಸಂಜೆ ನಾನು ಡ್ಯೂಟಿ ಮುಗಿಸಿ ಬಂದಾಗ ನನ್ನ ಹೆಂಡತಿ ನಡುಗೋಡೆಯ ಮೇಲಿಂದ ಅವರಿಗೂ ಒಂದು ಕಪ್ ಚಹಾ ಕೊಡುತ್ತಿದ್ದಳು. ಅದನ್ನೂ ನಿಂತೇ ಕುಡಿಯುತ್ತಿದ್ದರು. ನಾನೂ ದಿನವಿಡೀ ನಿಂತು ದುಡಿಯುವವನೇ. ಆದರೆ ನನ್ನ ಬಸ್ಸು ರಾತ್ರಿಗೆ ನಿಲ್ಲುತ್ತಿತ್ತು. ಅವರ ದಣಿವಿಗೆ ನಿಲ್ದಾಣವೇ ಇದ್ದಂತಿರಲಿಲ್ಲ.

ಮೈದುನ ಸಿಂದಗಿಯಲ್ಲಿ ಲಾರಿ ರಿಪೇರಿಯ ಗ್ಯಾರೇಜು ಇಟ್ಟುಕೊಂಡಿದ್ದ. ಚಿಕ್ಕಂದಿನಲ್ಲೇ ತಾಯಿ ಹೋದ ಅವನನ್ನು ಬೆಳೆಸಿದವರು ವೈನಿಯೇ. ತೆಳ್ಳಗಿನ ಮೈ, ಬಾಯಿ ತುಂಬ ಮಾತು. ಹಬ್ಬಕ್ಕೆ ಬಂದಾಗ ಅಣ್ಣನ ಕೆಮ್ಮು ಕೇಳುತ್ತ, ವೈನಿಯ ಕೆಂಪು ಕಣ್ಣು ನೋಡುತ್ತ ಅವನು ಸುಮ್ಮನಾಗಿಬಿಡುತ್ತಿದ್ದ. ಗ್ಯಾರೇಜಿನ ಹಿಂದೆ ಕರಿ ಆಯಿಲ್ ಡ್ರಮ್ಮುಗಟ್ಟಲೆ ಬಿದ್ದಿರುತ್ತಿತ್ತು. ಅದನ್ನು ಒಲೆಯಲ್ಲಿ ಉರಿಸುವಂತಾದರೆ ಕಟ್ಟಿಗೆ ತುರುಕುವ ಕೆಲಸವೇ ಉಳಿಯುವುದಿಲ್ಲ ಎಂಬುದು ಅವನ ತಲೆಗೆ ಹೊಕ್ಕಿತು. ಅಷ್ಟು ಸಾಲದೆಂದು, ತಾನು ಮಾಡುವ ಹೀಟರ್ ಭಟ್ಟಿಗೂ ಕೂಡಬೇಕು, ಮನೆಯ ಒಲೆಗೂ ಕೂಡಬೇಕು, ಯಾವುದನ್ನೂ ಒಡೆದು ಕಟ್ಟುವಂತಿರಬಾರದು ಎಂದು ಹಟ ಹಿಡಿದ.

ಮೊದಲ ಹೀಟರ್ ನನ್ನ ಬಸ್ಸಿನ ಮೇಲೆಯೇ ಬಂತು. ಲಾರಿಯ ಹಳೆಯ ಬ್ರೇಕ್ ಡ್ರಮ್, ಅದರ ನಡುವೆ ತೂತು ಕೊರೆದ ಕೊಳವೆ, ಆಯಿಲ್ ಹನಿಸಲು ಗೋಡೆಗೆ ತೂಗುಹಾಕುವ ನಲ್ಲಿಯ ಡಬ್ಬಿ. ಸೀಮೆಎಣ್ಣೆಯ ಚಿಂದಿ ಹಚ್ಚಿ ಡ್ರಮ್ಮನ್ನು ಕಾಯಿಸಬೇಕು. ಅದು ಕಾದ ಮೇಲೆ ಹನಿ ಹನಿಯಾಗಿ ಬಿದ್ದ ಆಯಿಲ್ ಆವಿಯಾಗಿ, ಕೊಳವೆಯ ಗಾಳಿ ಕುಡಿದು ಉರಿಯುತ್ತದೆ. ಹಾಗೆಂದು ಅವನು ಹೇಳಿದ. ಉರಿದದ್ದೇನೋ ನಿಜ. ಆದರೆ ಎದ್ದ ಹೊಗೆ ಇದ್ದಿಲಿನಷ್ಟು ಕಪ್ಪು. ಅವತ್ತಿನ ಚುರಮುರಿಯೆಲ್ಲ ಮಸಿಯಾಯಿತು. ಓಣಿಯ ಮಾಳಿಗೆಗಳ ಮೇಲೆ ಶಾವಿಗೆ ಒಣಹಾಕಿದ್ದರು; ಅದರ ಮೇಲೂ ಮಸಿ ಉದುರಿತು. ಹೆಂಗಸರು ಒಬ್ಬೊಬ್ಬರಾಗಿ ಬಾಗಿಲಿಗೆ ಬಂದರು. ವೈನಿ ಮುಖ ತೊಳೆದುಕೊಂಡು ಬಂದು ಕಡಾಯಿಯ ಮರಳನ್ನು ಹೊರಗೆ ಚೆಲ್ಲಿದರು.

"ನಾಳಿಗೆ ತೊಗರಿ ಕಟಗೀನ ಹಚ್ಚತೇನಿ," ಎಂದರು. ಮೈದುನನಿಗೆ ಬೈದಿದ್ದರೆ ಅವನಿಗೇ ಹಗುರಾಗುತ್ತಿತ್ತೇನೋ.

ಆಮೇಲೆ ವರ್ಷಗಳ ಕಾಲ ಆ ಕಬ್ಬಿಣ ಸಿಂದಗಿಗೂ ಬಾಗೇವಾಡಿಗೂ ಓಡಾಡಿತು. ನಾನೇ ಇಳಿಸಿಕೊಳ್ಳುವವನು, ನಾನೇ ಏರಿಸುವವನು. ಗಾಳಿ ಸಾಲದೆಂದು ಕೊಳವೆಗೆ ಮತ್ತಷ್ಟು ತೂತು ಕೊರೆದ. ಕುಲುಮೆಯವರ ಬ್ಲೋವರ್ ತಂದು ಕೂಡಿಸಿದ. ಹೊಗೆ ಕಡಿಮೆಯಾಯಿತು, ಆದರೆ ಬ್ಲೋವರ್ ತಿರುಗಿಸಲು ಇನ್ನೊಂದು ಕೈ ಬೇಕಾಯಿತು. ಕರೆಂಟಿನ ಬ್ಲೋವರ್ ತಂದ. ಕರೆಂಟು ಹೋದಾಗಲೆಲ್ಲ ಮತ್ತೆ ಮಸಿ, ಮತ್ತೆ ಬಾಗಿಲಿಗೆ ಓಣಿಯ ಹೆಂಗಸರು. ನನಗೇ ಬೇಸರ ಬಂದಿತ್ತು. ಇನ್ನು ಇದನ್ನು ಬಸ್ಸಿನ ಮೇಲೆ ಹಾಕುವುದಿಲ್ಲ ಎಂದು ಒಮ್ಮೆ ಅಂದೂ ಬಿಟ್ಟೆ. ಅವನು ನಕ್ಕು ತಾನೇ ಏಣಿ ಹತ್ತಿ ಏರಿಸಿದ.

ಈ ನಡುವೆ ಅವನ ಅಣ್ಣ ತೀರಿಕೊಂಡರು. ಮಣ್ಣು ಮುಗಿಸಿ ಬಂದ ವೈನಿ ಮೂರನೆಯ ದಿನಕ್ಕೇ ಭಟ್ಟಿ ಹಚ್ಚಿದರು. ಅಂಗಡಿಯವರು ಕಾಯುತ್ತಿದ್ದರು, ಮನೆ ನಡೆಯಬೇಕಿತ್ತು.

ಅದಾದ ಮೇಲೆ ಮೈದುನ ಕೆಲವು ತಿಂಗಳು ಬರಲೇ ಇಲ್ಲ. ಬಂದಾಗ ಬ್ಲೋವರ್ ತಂದಿರಲಿಲ್ಲ. ಉದ್ದನೆಯ ಕಬ್ಬಿಣದ ಪೈಪು ತಂದಿದ್ದ. ಅದನ್ನು ಓಣಿಯ ಎಲ್ಲ ಮಾಳಿಗೆಗಳಿಗಿಂತ ಎತ್ತರಕ್ಕೆ ಚಿಮಣಿ ಮಾಡಿ ನಿಲ್ಲಿಸಿದ. ಚಿಮಣಿ ಕಾದರೆ ಗಾಳಿಯನ್ನು ಅದೇ ಎಳೆದುಕೊಳ್ಳುತ್ತದೆ, ಕೈಯೂ ಬೇಡ ಕರೆಂಟೂ ಬೇಡ ಎಂದ. ನಾವು ಯಾರೂ ನಂಬಲಿಲ್ಲ. ಹಚ್ಚಿದ ಸ್ವಲ್ಪ ಹೊತ್ತು ಎಂದಿನಂತೆ ಹೊಗೆಯಾಡಿತು. ಆಮೇಲೆ ಡ್ರಮ್ಮಿನೊಳಗಿಂದ ಒಂದು ಸಣ್ಣ ಗುಂಯ್ ಎನ್ನುವ ಸದ್ದು ಎದ್ದು, ಹೊಗೆ ತೆಳ್ಳಗಾಗುತ್ತ ಹೋಗಿ, ಉರಿ ಹಳದಿಯಿಂದ ಬಿಳುಪಿಗೆ ತಿರುಗಿತು. ಚಿಮಣಿಯ ತುದಿಯಲ್ಲಿ ಆಕಾಶ ಮಾತ್ರ ಕಾಣುತ್ತಿತ್ತು. ಚುರಮುರಿ ಮಲ್ಲಿಗೆಯ ಹಾಗೆ ಬೆಳ್ಳಗೆ ಅರಳಿ ಬಂತು.

ವೈನಿ ಅಭ್ಯಾಸದಂತೆ ಒಲೆಯ ಬಾಯಿಗೆ ಬಗ್ಗಿದರು. ತುರುಕಲು ಏನೂ ಇರಲಿಲ್ಲ. ಎದ್ದು ನಿಂತರು. ಮತ್ತೆ ಬಗ್ಗಿ ನೋಡಿದರು.

"ಬೆಂಕಿ ತಾನ ಉರ್‍ಯಾಕತ್ತೈತಿ. ನಾ ಈಗ ಏನ್ ಮಾಡ್ಲಿ?"

ಮೈದುನ ಒಳಗಿನಿಂದ ಒಂದು ಸ್ಟೂಲು ತಂದು ಹಾಕಿದ. ಅವರು ಅದರ ಮೇಲೆ ಕೂತರು. ಕೂತವರು ಬಹಳ ಹೊತ್ತು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಉರಿಯನ್ನೇ ನೋಡಿದರು. ಅಳುತ್ತಿದ್ದರೋ, ಹೊಗೆಯಿಂದ ಕೆಟ್ಟ ಕಣ್ಣು ಸುಮ್ಮನೆ ಸೋರುತ್ತಿತ್ತೋ, ನನಗೆ ತಿಳಿಯಲಿಲ್ಲ.

ಸುದ್ದಿ ಬಸ್ಸಿನಷ್ಟೇ ಬೇಗ ಹೋಗುತ್ತದೆ. ತಾಂಬಾದ ಮಿಠಾಯಿ ಅಂಗಡಿಯವನೊಬ್ಬ ಬಂದು ನೋಡಿ ತನಗೂ ಒಂದು ಬೇಕೆಂದ. ಇಂಡಿಯ ಕಡೆಯ ಬೆಲ್ಲದ ಗಾಣದವರು ಕೇಳಿದರು. ಮುದ್ದೇಬಿಹಾಳದಲ್ಲಿ ಒಬ್ಬ ಹೆಣ್ಣುಮಗಳು ಒಬ್ಬಳೇ ಖಾನಾವಳಿ ನಡೆಸುತ್ತಿದ್ದಳು. ಬೆಳಗಿನಿಂದ ರೊಟ್ಟಿ ಬಡಿಯುವ ಅವಳ ಒಲೆಗೂ ಒಂದು ಚಿಕ್ಕ ಹೀಟರ್ ಕೂಡಿಸಿ ಬಂದ. ಆ ಎರಡು ವರ್ಷ ಮೈದುನ ನೆಲದ ಮೇಲೆ ನಡೆಯುತ್ತಿರಲಿಲ್ಲ. ವೈನಿಯ ಮೈಯಲ್ಲೂ ಸ್ವಲ್ಪ ಮಾಂಸ ಕೂಡಿತ್ತು. ಅವರಿಗೂ ಹತ್ತಿದ್ದ ಕೆಮ್ಮು ನಿಂತಿತ್ತು. ಸಂಜೆಯ ಚಹಾವನ್ನು ನಮ್ಮ ಅಡುಗೆಮನೆಗೇ ಬಂದು ಕೂತು ಕುಡಿಯುತ್ತಿದ್ದರು.

ಕೆಟ್ಟದ್ದು ಒಂದು ಮಳೆಗಾಲದಲ್ಲಿ ಆಯಿತು. ಮುದ್ದೇಬಿಹಾಳದ ಖಾನಾವಳಿಯಲ್ಲಿ ಆಯಿಲ್ ಡ್ರಮ್ಮು ಹಿತ್ತಲಲ್ಲಿತ್ತು, ಮುಚ್ಚಳ ಸಡಿಲ. ಮಳೆನೀರು ಒಳಗೆ ಇಳಿದು ತಳಕ್ಕೆ ಕೂತಿತು. ಆ ನೀರು ಆಯಿಲ್ ಜೊತೆ ಕಾದ ಕಬ್ಬಿಣದ ಮೇಲೆ ಬಿದ್ದದ್ದೇ ತಡ, ಹಬೆಯಾಗಿ ಸಿಡಿದು ಉರಿಯುವ ಎಣ್ಣೆಯನ್ನು ಹೊರಗೆ ಎರಚಿತು. ಒಲೆಯ ಮುಂದೆ ಕೂತಿದ್ದ ಹೆಣ್ಣುಮಗಳ ಬಲಗೈ ಮೊಣಕೈಯಿಂದ ಅಂಗೈತನಕ ಬೆಂದುಹೋಯಿತು.

ಮೈದುನ ಆಸ್ಪತ್ರೆಗೆ ಓಡಿದನಂತೆ. ವಾರ್ಡಿನ ಬಾಗಿಲತನಕ ಹೋಗಿ, ಒಳಗೆ ಹೋಗಲಾರದೆ, ಹಾಗೆಯೇ ತಿರುಗಿ ನನ್ನ ಬಸ್ಸು ಹತ್ತಿದ. ಆಮೇಲೆ ತಾಂಬಾಕ್ಕೆ ಹೋಗಿ, ಇಂಡಿಗೆ ಹೋಗಿ, ತಾನು ಕೂಡಿಸಿದ ಹೀಟರ್‌ಗಳನ್ನೆಲ್ಲ ಕಿತ್ತು ತಂದ. ಕೊನೆಗೆ ಬಾಗೇವಾಡಿಗೆ ಬಂದ. ಸುತ್ತಿಗೆಯ ಸಮೇತ ಬಂದಿದ್ದ. ಅವತ್ತು ನನಗೆ ರಜೆ, ಹಿತ್ತಲಲ್ಲೇ ಇದ್ದೆ. ವೈನಿ ಭಟ್ಟಿಗೆ ಅಡ್ಡ ನಿಂತಿದ್ದರು. ಅವನು, ನಾಳೆ ನಿಮ್ಮ ಮೈಮೇಲೆ ಸಿಡಿದರೆ ನಾನು ಬದುಕುವುದಿಲ್ಲ ಎಂದು ಕೂಗುತ್ತಿದ್ದ.

ವೈನಿ ದನಿ ಏರಿಸಲಿಲ್ಲ. "ನಿಮ್ಮಣ್ಣಾರು ಹೊಗಿ ಕುಡದು ಕುಡದು ಸತ್ರು. ಆವಾಗ ಯಾರೂ ಬಂದು ಭಟ್ಟಿ ಒಡಿ ಅನ್ನಲಿಲ್ಲ. ಇದು ಕಣ್ಣಿಗೆ ಕಂಡೈತಿ, ಅದಕ್ಕ ಸುತ್ತಿಗಿ ತಂದಿ."

ಅವನು ಸುತ್ತಿಗೆ ಅಲ್ಲೇ ಇಟ್ಟು ಹೊರಟುಹೋದ. ಮರುದಿನ ವೈನಿ ಒಂದು ಚೀಲ ಚುರಮುರಿ ಹೊತ್ತುಕೊಂಡು ನನ್ನ ಬಸ್ಸಿಗೆ ಬಂದರು. ಮುದ್ದೇಬಿಹಾಳಕ್ಕೆ ಟಿಕೆಟ್ ಕೇಳಿದರು. ಆ ಹೆಣ್ಣುಮಗಳಿಗೂ ಇವರಿಗೂ ಗುರುತಿಲ್ಲ, ನೆಂಟಸ್ತಿಕೆಯಿಲ್ಲ. ಮಧ್ಯಾಹ್ನದ ಟ್ರಿಪ್ಪಿಗೆ ತಿರುಗಿ ಬಂದಾಗ ಚೀಲವಿರಲಿಲ್ಲ. ಕಿಟಕಿಯ ಪಕ್ಕ ಕೂತರು. ಬಸ್ಸು ಸ್ವಲ್ಪ ಖಾಲಿಯಾದ ಮೇಲೆ ನನ್ನನ್ನು ಕರೆದರು.

"ಆಕಿ ಬೈತಾಳ ಅಂತ ತಿಳಕೊಂಡು ಹೋಗಿದ್ದೆ, ತಮ್ಮಾ. ಬೈಯಲಿಲ್ಲ. ಒಂದs ಕೈಲೆ ಕಟಗಿ ಮುರ್‍ಯಾಕ ಆಗವಲ್ದು, ಒಳಗ ನೀರ ಹೋಗದಂಗ ಹೀಟರ್ ಮಾಡಿಕೊಡಾಕ ಹೇಳ್ರಿ ಅಂದಳು."

ಆ ಮಾತನ್ನು ನಾನೇ ಸಿಂದಗಿಗೆ ಮುಟ್ಟಿಸಿದೆ. ಮೈದುನ ಲಾರಿಯ ಕೆಳಗೆ ಮಲಗಿ ಕೆಲಸ ಮಾಡುತ್ತಿದ್ದ. ಕೇಳಿಸಿಕೊಂಡ, ಹೊರಗೆ ಬರಲಿಲ್ಲ. ಬಾಗೇವಾಡಿಗೆ ಬರುವುದನ್ನೂ ಬಿಟ್ಟ. ವೈನಿಯ ಹೀಟರ್ ಮತ್ತೆ ಕೆಲವು ಕಾಲ ನಡೆಯಿತು. ಆಯಿಲ್ಲನ್ನು ದಿನಗಟ್ಟಲೆ ಅಲುಗಿಸದೆ ಇಟ್ಟು, ನೀರು ತಳಕ್ಕೆ ಇಳಿದ ಮೇಲೆ ಮೇಲಿನದನ್ನಷ್ಟೇ ಬಟ್ಟೆಯಲ್ಲಿ ಸೋಸಿ ಹಾಕುತ್ತಿದ್ದರು. ಆದರೆ ಕಬ್ಬಿಣಕ್ಕೂ ಆಯುಷ್ಯವಿದೆ. ಡ್ರಮ್ಮಿನ ತಳ ತೆಳ್ಳಗಾಗಿ ಒಡೆಯಿತು. ರಿಪೇರಿಗೆಂದು ನನ್ನ ಕೈಯಲ್ಲೇ ಕಳಿಸಿದರು. ಅದು ಗ್ಯಾರೇಜಿನ ಮೂಲೆಯಲ್ಲಿ ಬಿದ್ದಿತು. ನಾನು ಪ್ರತಿ ಸಲ ಕೇಳುವುದು, ಅವನು ತಲೆಯಾಡಿಸುವುದು... ವೈನಿ ಮತ್ತೆ ತೊಗರಿ ಕಟ್ಟಿಗೆಗೆ ಬಗ್ಗಿದರು. ವಯಸ್ಸು ಮೊದಲಿನದಲ್ಲ, ಕಣ್ಣು ಮೊದಲೇ ಕೆಟ್ಟದ್ದು. ಅಷ್ಟರಲ್ಲಿ ನನಗೆ ಇಂಡಿಗೆ ವರ್ಗವಾಯಿತು. ಹೊರಡುವ ದಿನ, ಗಂಡನಿಲ್ಲದವರು ತುಂಬಬಾರದೆಂಬುದನ್ನು ಲೆಕ್ಕಿಸದೆ, ನನ್ನ ಹೆಂಡತಿ ವೈನಿಯ ಕೈಯಿಂದಲೇ ಉಡಿ ತುಂಬಿಸಿಕೊಂಡಳು. ಬಿಸಿ ಚುರಮುರಿಯ ಒಂದು ಪೊಟ್ಟಣವನ್ನೂ ಕೊಟ್ಟರು. ಹೊಗೆಯಲ್ಲಿ ಅವರ ಮುಖ ಸರಿಯಾಗಿ ಕಾಣಲಿಲ್ಲ. ಅದೇ ಕೊನೆ.

ಡಾಂಬರಿನ ಗಾಡಿ ನೋಡಿದ ಮರುವಾರ ನಾನು ಸಿಂದಗಿಗೆ ಹೋದೆ. ಮೈದುನನ ಗ್ಯಾರೇಜು ಈಗ ಮಗನ ಕೈಯಲ್ಲಿದೆ. ಅವನು ಮುದುಕನಾಗಿದ್ದಾನೆ, ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ. ನನ್ನ ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. ವೈನಿ ಹೇಗಿದ್ದಾರೆ ಎಂದು ಕೇಳಬೇಕೆಂದು ಹೋದವನು, ಅವನ ಮುಖ ನೋಡಿ ಕೇಳಲಿಲ್ಲ. ಅವನೇ ಹೇಳಿದ. ನಾನು ಇಂಡಿಗೆ ಹೋದ ಮೇಲೆ, ಎಷ್ಟೋ ದಿನ ತಡೆದು, ಒಡೆದ ಹೀಟರನ್ನು ಕೊನೆಗೂ ಕೈಗೆತ್ತಿಕೊಂಡನಂತೆ. ದಪ್ಪ ತಳ ಕೂಡಿಸಿದ. ಆಯಿಲ್ ಡಬ್ಬಿಯ ಅಡಿಗೆ ನೀರು ಕೂಡುವ ಒಂದು ಕುಳಿ ಮಾಡಿ, ಅದನ್ನು ಬಸಿದು ತೆಗೆಯಲು ಬೇರೆ ನಲ್ಲಿ ಇಟ್ಟ. ತಿಂಗಳುಗಟ್ಟಲೆ ಗ್ಯಾರೇಜಿನಲ್ಲೇ ಉರಿಸಿ ನೋಡಿ, ಆಮೇಲೆ ಹೆಗಲ ಮೇಲೆ ಹೊತ್ತು ಬಾಗೇವಾಡಿಗೆ ಒಯ್ದ. ಭಟ್ಟಿ ಆಗಲೇ ಮುಚ್ಚಿತ್ತು. ಬೇರೆ ಊರುಗಳಿಂದ ಮಶೀನಿನ ಚುರಮುರಿ ಚೀಲಗಟ್ಟಲೆ ಬಂದು ಬೀಳುತ್ತಿತ್ತು. ವೈನಿಗೆ ಒಂದು ಕಣ್ಣು ಪೂರ್ತಿ ಹೋಗಿತ್ತು.

ಅವರು ಅದನ್ನು ಮನೆಯ ಒಲೆಗೇ ಕೂಡಿಸು ಎಂದರಂತೆ. ಅದರ ಮೇಲೆ ಚಹಾ ಕಾಯಿಸಿ ಅವನಿಗೆ ಕೊಟ್ಟು, ತಾವೂ ಕುಡಿದರಂತೆ.

"ಕಪ್ಪ ತೊಳದಿಟ್ಟು ಬಂದು, ಇದು ಆರಿದ ಮ್ಯಾಲ ಮುದ್ದೇಬಿಹಾಳಕ್ಕ ಒಯ್ದು ಆಕಿಗೆ ಕೊಡು ಅಂದ್ರು," ಎಂದ ಮೈದುನ. "ನಾ ಒಬ್ಬಾವನs ಹೆಂಗ ಹೋಗ್ಲಿ ಅಂದೆ. ನಾನೂ ಬರ್ತೇನಿ ನಡಿ ಅಂದ್ರು."

ಇಬ್ಬರೂ ಹೋಗಿದ್ದರು. ಗ್ಯಾಸು ಬರುವತನಕ ಆ ಖಾನಾವಳಿಯಲ್ಲಿ ಅದು ಉರಿಯಿತು, ಯಾರಿಗೂ ಏನೂ ಆಗಲಿಲ್ಲ ಎಂದ. ವೈನಿ ಮಾತ್ರ ಆ ವರ್ಷದ ಚಳಿಗಾಲ ದಾಟಲಿಲ್ಲ. ಎದೆಯೇ... ಅಣ್ಣನ ಹಾಗೆಯೇ.

ಅಂದರೆ ಅವರು ಹೋಗಿ ಎಷ್ಟೋ ವರ್ಷಗಳಾಗಿದ್ದವು. ಈ ಕಡೆ ನಾನು ಅದೇ ರಸ್ತೆಗಳಲ್ಲಿ ಟಿಕೆಟ್ ಹರಿಯುತ್ತ, ರಿಟೈರಾಗಿ, ಮೊಮ್ಮಕ್ಕಳನ್ನು ಶಾಲೆಗೆ ಬಿಡುತ್ತ ಇದ್ದೆ. ನಮಗೆ ಹೇಳಿ ಕಳಿಸುವವರು ಯಾರೂ ಇರಲಿಲ್ಲ.

ಸಂಜೆ ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಕಾಳು ಹಸನು ಮಾಡುತ್ತಿದ್ದಳು. ಕೈ ನಿಂತಿತು. ಮೊರವನ್ನು ಪಕ್ಕಕ್ಕೆ ಸರಿಸಿ, ಸೆರಗಿನಿಂದ ಮುಖ ಒರೆಸಿಕೊಂಡಳು.

"ಮಣ್ಣಿಗೂ ಹೋಗಲಿಲ್ಲ ನಾವು," ಎಂದಳು.